ಗಾಜಿನ ಸೆರೆಗೆ ಸೋಸಿದ ನೀರು

ಸೋಸದ ನೀರನ್ನು ಬಳಸಬಾರದೆಂಬುದು ಜೈನ ಗೃಹಸ್ಥರ ಮನೆಗಳಲ್ಲಿ ಉಪದೇಶಕ್ಕಿಂತ ಹೆಚ್ಚಾಗಿ ದಿನನಿತ್ಯದ ಅಭ್ಯಾಸವಾಗಿ ಉಳಿದುಬಂದ ನಿಯಮ. ಬಾವಿಯಿಂದ ಸೇದಿದ ನೀರನ್ನು ದಟ್ಟವಾದ ಬಟ್ಟೆಯ ಎರಡು ಪದರಗಳ ಮೂಲಕ ಸೋಸುವುದು ಆ ನಿಯಮದ ಅರ್ಧಭಾಗ ಮಾತ್ರ. ಬಟ್ಟೆಯ ಮೇಲೆ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಅವು ಯಾವ ಬಾವಿಯಿಂದ ಬಂದುವೋ ಆ ಬಾವಿಗೇ ಮರಳಿ ಇಳಿಬಿಡುವುದು ಉಳಿದ ಅರ್ಧ. ಒಂದು ಜಲಾಶಯದ ಜೀವಿಯನ್ನು ಇನ್ನೊಂದಕ್ಕೆ ಬಿಡಬಾರದೆಂಬ ಎಚ್ಚರವೂ ಅದರೊಳಗೆ ಅಡಗಿದೆ. ಕುಡಿಯುವವನ ಆರೋಗ್ಯವೊಂದೇ ಈ ಶೋಧನೆಯ ಗುರಿಯಲ್ಲ. ಬಟ್ಟೆಗೆ ಸಿಕ್ಕಿಕೊಂಡ ಜೀವಿ ತನ್ನ ನೀರನ್ನು ಪುನಃ ಸೇರಬೇಕೆಂಬುದೂ ಅದರ ಗುರಿ.

ನೀರನ್ನು ಸೋಸುವ ಇನ್ನೊಂದು ವಿದ್ಯೆ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಬೆಳೆದುನಿಂತಿದೆ. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯವು ಸಾರ್ವಜನಿಕ ಮತ್ಸ್ಯಾಲಯವನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿತಜ್ಞನ ಗ್ರಂಥವು ಗಾಜಿನ ತೊಟ್ಟಿಯನ್ನು ಇಂಗ್ಲೆಂಡಿನ ಪಡಸಾಲೆಗಳಿಗೆ ತಂದಿತು. ಅಂದಿನಿಂದ ಸಾಗುತ್ತಾ ಬಂದ ಈ ಹವ್ಯಾಸವು ಇಂದು ಬಣ್ಣದ ಮೀನುಗಳಿಂದ ತೃಪ್ತಿ ಹೊಂದದೆ ಆಕ್ಟೋಪಸ್ಸಿನವರೆಗೆ ಬಂದು ಮುಟ್ಟಿದೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ ಎರಡು ಚುಕ್ಕೆಯ ಆಕ್ಟೋಪಸ್ಸನ್ನು ಮನೆಯಲ್ಲಿ ಇರಿಸಿಕೊಳ್ಳುವವರ ಒಂದು ಬಳಗವೇ ಇದೆ. ಅವರಲ್ಲಿ ವಿವೇಕಿಗಳೆನಿಸಿದವರು ಹೊಸಬರಿಗೆ ಹೇಳುವ ಮೊದಲ ಮಾತು ಇದು: ಪ್ರಾಣಿಯನ್ನು ಕೊಳ್ಳುವುದಕ್ಕೆ ಮೊದಲು ಶೋಧನೆಯ ವ್ಯವಸ್ಥೆಯನ್ನೂ ಕೊಳವೆಗಳ ನಕ್ಷೆಯನ್ನೂ ಸಿದ್ಧಪಡಿಸಿಕೊಳ್ಳಿರಿ, ಅದು ಸರಿಯಾದರೆ ಉಳಿದುದೆಲ್ಲ ಸರಿಯಾಗುವುದು.

ಈ ಮಾತು ಕೇಳುವುದಕ್ಕೆ ದಯಾಪೂರ್ಣವಾಗಿದೆ. ಹೊರದೇಶಗಳಲ್ಲಿ ನೆಲೆಸಿದ ಜೈನ ಕುಟುಂಬಗಳ ಮಕ್ಕಳಿಗೆ ಸಹಪಾಠಿಗಳ ಮನೆಯ ತೊಟ್ಟಿಗಳು ಅಪರಿಚಿತವಲ್ಲ. ಹಿಂಸೆಯಿಲ್ಲದೆ, ಸಕಲ ಸೌಕರ್ಯ ಒದಗಿಸಿ ಸಾಕಿದರೆ ತಪ್ಪೇನೆಂಬ ಪ್ರಶ್ನೆಯನ್ನು ಅವರು ಹಿರಿಯರ ಮುಂದಿಡುವುದು ಸಹಜ. ಅದಕ್ಕೆ 'ನಮ್ಮಲ್ಲಿ ಹಾಗೆ ಮಾಡುವುದಿಲ್ಲ' ಎಂಬ ಒಂದೇ ಸಾಲಿನ ಉತ್ತರ ಸಾಲದು. ಆ ವಾದ ನಿಂತಿರುವುದೇ ಶೋಧನಾ ವ್ಯವಸ್ಥೆಯ ಮೇಲಾದುದರಿಂದ ಆ ವ್ಯವಸ್ಥೆಯನ್ನು ಕೊಳವೆ ಕೊಳವೆಯಾಗಿ ಪರಿಶೀಲಿಸುವುದೇ ನ್ಯಾಯವಾದ ಮಾರ್ಗ. ಹಾಗೆ ಪರಿಶೀಲಿಸಿದಾಗ ತೋರಿಬರುವ ಸಂಗತಿಯೆಂದರೆ, ಆ ನಕ್ಷೆಯು ತನ್ನ ಒಡೆಯನ ವಿರುದ್ಧವೇ ಸಾಕ್ಷಿ ನುಡಿಯುತ್ತದೆ ಎಂಬುದು.

ನೀರಿನೊಡನೆ ಆ ಜೀವಿಯ ಸಂಬಂಧ

ಆಕ್ಟೋಪಸ್ ಮೀನಲ್ಲ. ಬಸವನಹುಳು, ಕಪ್ಪೆಚಿಪ್ಪುಗಳ ವರ್ಗಕ್ಕೆ ಸೇರಿದ ಮೃದ್ವಂಗಿ ಅದು. ಎಂಟು ತೋಳುಗಳುಳ್ಳದ್ದರಿಂದ ಪಠ್ಯಪುಸ್ತಕಗಳಲ್ಲಿ ಅಷ್ಟಪದಿಯೆಂದು ಕರೆಸಿಕೊಂಡಿದೆ. ಅದಕ್ಕೆ ಮೂರು ಹೃದಯಗಳು. ಮನುಷ್ಯನ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರ ರಕ್ತದಲ್ಲಿ ತಾಮ್ರಯುಕ್ತವಾದ ಹೀಮೋಸಯನಿನ್ ಮಾಡುತ್ತದೆ. ಆದುದರಿಂದ ಅದರ ರಕ್ತ ನೀಲಿ. ಸುಮಾರು ೫೦ ಕೋಟಿ ನರಕೋಶಗಳುಳ್ಳ ಈ ಪ್ರಾಣಿಯಲ್ಲಿ ಅವುಗಳ ಮೂರನೆಯ ಎರಡು ಪಾಲು ಇರುವುದು ತಲೆಯಲ್ಲಲ್ಲ, ತೋಳುಗಳಲ್ಲಿ. ಅದರ ತೋಳಿನ ಬಟ್ಟಲುಗಳು ಮುಟ್ಟಿದ್ದನ್ನು ರುಚಿ ನೋಡಬಲ್ಲವು. ಅದಕ್ಕೆ ಬೇಕಾದ ವಿಶೇಷ ಗ್ರಾಹಕಗಳನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೦ರಲ್ಲಿ ವಿವರಿಸಿದರು. ಅದು ಕಿವಿರುಗಳಿಂದ ಉಸಿರಾಡುವುದಲ್ಲದೆ ಚರ್ಮದ ಮೂಲಕವೂ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ.

ಹೀಗಿರುವಾಗ ನೀರು ಅದಕ್ಕೆ ಬರಿಯ ವಾಸಸ್ಥಾನವಲ್ಲ. ಅದರ ಉಸಿರು, ರುಚಿ, ಸ್ಪರ್ಶ, ದಿಕ್ಕು ಎಲ್ಲವೂ ನೀರಿನಲ್ಲೇ ಇವೆ. ಆ ನೀರನ್ನು ಮನೆಯೊಳಗೆ ಕೃತಕವಾಗಿ ತಯಾರಿಸುವುದೆಂದರೆ ಅದರ ಇಂದ್ರಿಯಗಳ ಜಗತ್ತನ್ನೇ ಪಂಪು ಪೈಪುಗಳ ವಶಕ್ಕೆ ಕೊಟ್ಟಂತೆ. ಶೋಧನೆಯ ಜವಾಬ್ದಾರಿ ಇಷ್ಟು ಭಾರವಾಗಿರುವುದಕ್ಕೆ ಕಾರಣ ಇದೇ.

ತೊಟ್ಟಿಯ ಅಂಗರಚನೆ

ಚಿಕ್ಕ ಜಾತಿಯ ಒಂದು ಆಕ್ಟೋಪಸ್ಸಿಗೂ ಕಡಿಮೆಯೆಂದರೆ ೨೦೦ ಲೀಟರಿನಷ್ಟು ನೀರು ಬೇಕೆಂದು ಹವ್ಯಾಸಿಗಳೇ ಹೇಳುತ್ತಾರೆ. ಅದರ ಕೆಳಗೆ ಇನ್ನೊಂದು ತೊಟ್ಟಿ. ಇಲ್ಲಿಯ ಮನೆಗಳಲ್ಲಿ ನೆಲದಡಿಯ ನೀರಿನ ತೊಟ್ಟಿಗೆ ಬಳಸುವ 'ಸಂಪು' ಎಂಬ ಮಾತೇ ಅದಕ್ಕೂ ಹೆಸರು. ಮೇಲಿನ ತೊಟ್ಟಿಯಿಂದ ತುಂಬಿ ಹರಿಯುವ ನೀರು ಕೊಳವೆಯ ಮೂಲಕ ಸಂಪಿಗೆ ಇಳಿಯುತ್ತದೆ. ಒಂದು ಕೊಳವೆ ಕಟ್ಟಿಕೊಂಡರೆ ನೀರು ನೆಲಕ್ಕೆ ಸುರಿಯಬಾರದೆಂದು ಇನ್ನೊಂದು ಕೊಳವೆಯನ್ನು ಆಪತ್ಕಾಲಕ್ಕೆಂದು ಕಾದಿರಿಸಬೇಕು. ಸಂಪಿನಲ್ಲಿ ಮೊದಲು ಬಟ್ಟೆಯ ಚೀಲವು ಆಹಾರದ ತುಣುಕುಗಳನ್ನು ಹಿಡಿಯುತ್ತದೆ. ಅನಂತರ ಪ್ರೋಟೀನ್ ಸ್ಕಿಮ್ಮರ್ ಎಂಬ ಉಪಕರಣವು ಸಣ್ಣ ಸಣ್ಣ ಗುಳ್ಳೆಗಳನ್ನೆಬ್ಬಿಸಿ, ಕರಗಿದ ಕಶ್ಮಲವನ್ನು ನೊರೆಯಾಗಿ ಮೇಲೆತ್ತಿ ಬಟ್ಟಲಿಗೆ ಚೆಲ್ಲುತ್ತದೆ. ಮುಂದೆ ಬ್ಯಾಕ್ಟೀರಿಯಾಗಳು ನೆಲೆಸುವ ರಂಧ್ರಮಯ ಕಲ್ಲುಗಳು, ಅದಾದ ಮೇಲೆ ಇದ್ದಿಲು, ನೀರನ್ನು ತಣಿಸುವ ಯಂತ್ರ, ಕಡೆಯಲ್ಲಿ ನೀರನ್ನು ಮೇಲಕ್ಕೇರಿಸುವ ಪಂಪು.

ಇವುಗಳಲ್ಲಿ ಅತ್ಯಂತ ಮುಖ್ಯವಾದ ಕೆಲಸ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳದು. ಮಾಂಸಾಹಾರಿಯಾದ ಆಕ್ಟೋಪಸ್ ಅಷ್ಟೇ ತೂಕದ ಮೀನಿಗಿಂತ ಹೆಚ್ಚು ಅಮೋನಿಯಾವನ್ನು ನೀರಿಗೆ ಬಿಡುತ್ತದೆ. ಅಮೋನಿಯಾ ಅದಕ್ಕೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುತ್ತದೆ. ಅದು ಅಷ್ಟು ತೀಕ್ಷ್ಣವಲ್ಲವಾದರೂ ಸೇರುತ್ತಾ ಹೋಗಬಾರದು. ಈ ಜೀವಿಗಳು ಸಾಕಷ್ಟು ಬೆಳೆದು ನೆಲೆಗೊಳ್ಳುವುದಕ್ಕೆ ಸುಮಾರು ೩ ತಿಂಗಳು ಕಾಯಬೇಕೆಂಬುದು ರೂಢಿಯ ಸಲಹೆ. ಅಷ್ಟಾದ ಮೇಲೂ ನೈಟ್ರೇಟನ್ನು ಕಳೆಯಲು ನೀರನ್ನು ಬದಲಿಸುತ್ತಲೇ ಇರಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿರುವುದರಿಂದ ೨೦೦ ಲೀಟರಿಗೆ ೭ ಕಿಲೋ ಲವಣ ಬೇಕು; ವಾರಕ್ಕೆ ಹತ್ತನೆಯ ಒಂದು ಪಾಲನ್ನು ಬದಲಿಸಿದರೆ ಪ್ರತಿ ವಾರವೂ ೨೦ ಲೀಟರ್ ನೀರು, ೭೦೦ ಗ್ರಾಂ ಲವಣ. ನಲ್ಲಿಯ ನೀರನ್ನು ಹಾಗೆಯೇ ಬಳಸುವಂತಿಲ್ಲ; ಅದರ ಕ್ಲೋರಿನ್ ಮತ್ತು ಲೋಹಾಂಶಗಳನ್ನು ಮೊದಲು ಆರ್‌ಒ ಯಂತ್ರದಿಂದ ತೆಗೆಯಬೇಕು. ಮನೆಬಳಕೆಯ ಆ ಯಂತ್ರ ಸಾಮಾನ್ಯವಾಗಿ ಕೊಡುವ ನೀರಿಗಿಂತ ಮೋರಿಗೆ ಚೆಲ್ಲುವ ನೀರೇ ಹೆಚ್ಚು.

ತಾಮ್ರದ ವಿಷಯ ಇನ್ನೂ ಸೂಕ್ಷ್ಮ. ರಕ್ತದಲ್ಲಿ ತಾಮ್ರವನ್ನೇ ಹೊತ್ತಿರುವ ಈ ಪ್ರಾಣಿಗೆ ನೀರಿನಲ್ಲಿ ಕರಗಿದ ತಾಮ್ರ ಅಲ್ಪವಾದರೂ ಮಾರಕ. ಆದುದರಿಂದ ತಾಮ್ರದ ಕೊಳವೆ, ಹಿತ್ತಾಳೆಯ ನಲ್ಲಿ, ಹಿತ್ತಾಳೆಯ ತಿರುಪು ಯಾವುದೂ ನೀರನ್ನು ಮುಟ್ಟಬಾರದು. ಹಿಂದೆ ಮೀನುಗಳಿಗೆ ತಾಮ್ರದ ಔಷಧ ಹಾಕಿದ್ದ ಹಳೆಯ ತೊಟ್ಟಿಯೂ ಕೆಲಸಕ್ಕೆ ಬಾರದು. ಪ್ರಾಣಿ ಬೆದರಿ ಮಸಿ ಕಾರಿದರೆ ಮುಚ್ಚಿದ ತೊಟ್ಟಿಯಲ್ಲಿ ಆ ಮಸಿ ಎಲ್ಲಿಗೂ ಹೋಗದು. ಇದ್ದಿಲನ್ನು ಬದಲಿಸಿ, ನೀರನ್ನು ಬದಲಿಸಿ ತೆಗೆಯಬೇಕು. ವಿದ್ಯುತ್ತು ನಿಂತರೆ ಮೇಲಿನ ನೀರು ಕೆಳಗಿಳಿದು ಸಂಪು ಉಕ್ಕದಂತೆ ಅದರಲ್ಲಿ ಖಾಲಿ ಜಾಗವಿರಬೇಕು. ನೀರಿನಲ್ಲಿ ಆಮ್ಲಜನಕ ಕುಗ್ಗದಂತೆ ಬ್ಯಾಟರಿಯ ಗಾಳಿಯಂತ್ರವೂ ಸಿದ್ಧವಿರಬೇಕು. ಇಲ್ಲವಾದರೆ ಪ್ರಾಣಿಯ ಉಸಿರಿಗೂ ಕೊರತೆ, ಶುದ್ಧಿಮಾಡುವ ಬ್ಯಾಕ್ಟೀರಿಯಾಗಳಿಗೂ ಕೊರತೆ.

ಇಲ್ಲಿಯವರೆಗಿನದು ಸಮುದ್ರಕ್ಕೆ ಬದಲಿ ಒದಗಿಸುವ ಉಪಕರಣಗಳ ಪಟ್ಟಿ. ನಕ್ಷೆಯ ಉಳಿದ ಭಾಗದ ಉದ್ದೇಶವೇ ಬೇರೆ. ಆಕ್ಟೋಪಸ್ಸಿನ ದೇಹದಲ್ಲಿ ಗಟ್ಟಿಯಾದ ಭಾಗವೆಂದರೆ ಕೊಕ್ಕು. ಅದು ತೂರುವಷ್ಟು ಸಂದಿಯಿದ್ದರೆ ಉಳಿದ ದೇಹವೂ ತೂರಬಲ್ಲದು. ಆದುದರಿಂದ ತೊಟ್ಟಿಗೆ ಭಾರವಾದ ಮುಚ್ಚಳ ಬೇಕು. ಭಾರ ಮಾತ್ರ ಸಾಲದೆ ಚಿಲಕಗಳೂ ಬೇಕು. ಕೊಳವೆಗಳು ಒಳಹೋಗುವ ಕಡೆಯ ಸಂದಿಗಳನ್ನು ಮುಚ್ಚಬೇಕು. ನೀರು ತುಂಬಿ ಹರಿಯುವ ಬಾಯಿಗೆ ಅದು ನುಗ್ಗದಂತೆ ಜಾಲರಿ ಕಟ್ಟಬೇಕು. ಪಂಪು ಎಳೆಯುವ ಬಾಯಿಗೆ ಸ್ಪಾಂಜು ತೊಡಿಸಬೇಕು. ಇಲ್ಲದಿದ್ದರೆ ಕುತೂಹಲದಿಂದ ಚಾಚಿದ ತೋಳು ಅಲ್ಲಿ ಸಿಕ್ಕಿ ಗಾಯಗೊಳ್ಳುವುದು.

ಮೀನಿನ ತೊಟ್ಟಿಗೂ ಮುಚ್ಚಳವುಂಟು. ಮೀನು ಆಕಸ್ಮಿಕವಾಗಿ ಹೊರಗೆ ಹಾರಬಾರದೆಂಬುದು ಅದರ ಉದ್ದೇಶ. ಆಕ್ಟೋಪಸ್ಸಿನ ತೊಟ್ಟಿಗೆ ಚಿಲಕ ಬೇಕಾದುದು ಆ ಪ್ರಾಣಿ ಮುಚ್ಚಳವನ್ನು ಎತ್ತಬಲ್ಲದೆಂಬ ಕಾರಣಕ್ಕೆ. ಒಳಗಿರುವವನು ಹೊರಬರದಂತೆ ಹೊರಗಿನಿಂದ ಚಿಲಕ ಹಾಕಿದ ಮನೆಗೆ ಲೋಕದಲ್ಲಿ ಒಂದು ಹೆಸರಿದೆ. ನೀರನ್ನು ಎಷ್ಟು ಸೋಸಿದರೂ ಆ ಹೆಸರು ಬದಲಾಗುವುದಿಲ್ಲ.

ಕೊಳವೆಗಳು ಹೇಳಿದ ಸಾಕ್ಷ್ಯ

ಇದು ಭಾವುಕತೆಯೆಂದು ತಳ್ಳಿಹಾಕುವವರ ಗಮನಕ್ಕೆ ಎರಡು ಘಟನೆಗಳನ್ನು ತರಬಹುದು. ೨೦೦೯ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಪಿಯರ್ ಅಕ್ವೇರಿಯಂನಲ್ಲಿದ್ದ ಎರಡು ಚುಕ್ಕೆಯ ಸಣ್ಣ ಹೆಣ್ಣು ಆಕ್ಟೋಪಸ್ಸೊಂದು ರಾತ್ರಿಯಲ್ಲಿ ತೊಟ್ಟಿಯ ಕೊಳವೆಯ ಜೋಡಣೆಯನ್ನು ಎಳೆದು ಕಳಚಿತು. ಸುಮಾರು ೭೫೦ ಲೀಟರ್ ಸಮುದ್ರದ ನೀರು ಹರಿದು ಬೆಳಗಾಗುವ ಹೊತ್ತಿಗೆ ನೆಲವೆಲ್ಲ ಒದ್ದೆಯಾಗಿತ್ತು. ೨೦೧೬ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ನಗರದ ರಾಷ್ಟ್ರೀಯ ಅಕ್ವೇರಿಯಂನಿಂದ 'ಇಂಕಿ' ಎಂದು ಹೆಸರಿಟ್ಟಿದ್ದ ಆಕ್ಟೋಪಸ್ ಕಾಣೆಯಾದ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಮುಚ್ಚಳದಲ್ಲಿ ಉಳಿದ ಸಣ್ಣ ಸಂದಿಯಿಂದ ಹೊರಬಂದು, ನೆಲದ ಮೇಲೆ ತೆವಳಿ, ಸುಮಾರು ೫೦ ಮೀಟರ್ ಉದ್ದದ ನೀರು ಹೋಗುವ ಕೊಳವೆಯೊಳಗೆ ಇಳಿದು ಅದು ಸಮುದ್ರ ಸೇರಿತೆಂದು ಅಲ್ಲಿಯ ಸಿಬ್ಬಂದಿ ಉಳಿದ ಗುರುತುಗಳಿಂದ ಊಹಿಸಿದರು.

ಅದು ಸ್ವಾತಂತ್ರ್ಯಕ್ಕಾಗಿ ಹಂಬಲಿಸಿತೆಂದು ಮನುಷ್ಯನ ಮಾತುಗಳನ್ನು ಅದರ ಬಾಯಲ್ಲಿಡುವುದು ಸರಿಯಲ್ಲ. ಆದರೆ ಇವು ಮನೆಯ ಹವ್ಯಾಸಿಯ ಕೈಕೆಲಸಗಳಲ್ಲ, ತಜ್ಞರೂ ಕಾವಲೂ ಉಳ್ಳ ಸಂಸ್ಥೆಗಳು ಎಂಬುದನ್ನು ಮರೆಯಬಾರದು. ಅಂಥಲ್ಲಿಯೇ ಕೊಟ್ಟ ನೀರಿನಲ್ಲಿ ಸುಮ್ಮನಿರದ ಜೀವಿಗೆ ಪಡಸಾಲೆಯ ಮೂಲೆ ಒಗ್ಗುವುದೆಂದು ನಂಬುವುದಕ್ಕೆ ಆಧಾರವೇನು? ಮನೆಯ ತೊಟ್ಟಿಯಿಂದ ಹೊರಬಂದ ಆಕ್ಟೋಪಸ್ಸಿಗೆ ಸಮುದ್ರಕ್ಕೆ ಹೋಗುವ ಕೊಳವೆಯೂ ಇಲ್ಲ. ಒಣನೆಲದ ಮೇಲೆ, ಮಂಚದ ಕೆಳಗೆ ಅದರ ಯಾತ್ರೆ ಮುಗಿಯುತ್ತದೆ.

ಆ ಜೀವಿಗೆ ನೋವುಂಟೇ ಎಂಬ ಸಂದೇಹಕ್ಕೂ ಇಂದು ಹೆಚ್ಚು ಅವಕಾಶವಿಲ್ಲ. ಎಲ್ಲ ತ್ರಸಜೀವಿಗಳಿಗೂ ಸುಖದುಃಖಗಳ ಅರಿವುಂಟೆಂಬುದನ್ನು ಜೈನರು ಪ್ರಯೋಗಶಾಲೆಯಿಂದ ಕಲಿಯಬೇಕಾಗಿಲ್ಲವಾದರೂ ಪಾಶ್ಚಾತ್ಯರ ಶಾಸನಗಳು ಎತ್ತ ಸಾಗಿವೆಯೆಂಬುದು ಗಮನಾರ್ಹ. ಪ್ರಯೋಗಕ್ಕೊಳಗಾಗುವ ಪ್ರಾಣಿಗಳನ್ನು ಕುರಿತ ತನ್ನ ಕಾನೂನಿನ ರಕ್ಷಣೆಯನ್ನು ಬ್ರಿಟನ್ ೧೯೯೩ರಲ್ಲಿ ಸಾಮಾನ್ಯ ಆಕ್ಟೋಪಸ್ಸಿಗೂ ವಿಸ್ತರಿಸಿತು. ಯೂರೋಪಿನ ಒಕ್ಕೂಟವು ೨೦೧೦ರ ತನ್ನ ನಿರ್ದೇಶನದಲ್ಲಿ ಆಕ್ಟೋಪಸ್ಸಿನ ವರ್ಗದ ಎಲ್ಲ ಪ್ರಾಣಿಗಳನ್ನೂ ಸೇರಿಸಿಕೊಂಡಿತು. ೨೦೧೨ರ ಕೇಂಬ್ರಿಜ್ ಘೋಷಣೆಯಲ್ಲಿ ಪ್ರಜ್ಞೆಗೆ ಆಧಾರವಾದ ನರವ್ಯವಸ್ಥೆಯುಳ್ಳ ಜೀವಿಗಳ ಸಾಲಿನಲ್ಲಿ ಆಕ್ಟೋಪಸ್ಸಿನ ಹೆಸರೂ ಬಂದಿತು. ನೋವು ಅನುಭವಿಸಿದ ಸ್ಥಳವನ್ನು ಆಕ್ಟೋಪಸ್ಸುಗಳು ಆಮೇಲೆ ತೊರೆಯುತ್ತವೆಂದೂ, ನೋವು ಶಮನಗೊಂಡ ಸ್ಥಳವನ್ನು ಅರಸುತ್ತವೆಂದೂ ೨೦೨೧ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ೨೦೨೨ರ ಬ್ರಿಟಿಷ್ ಕಾಯಿದೆ ಅವುಗಳನ್ನು ಸಂವೇದನಾಶೀಲ ಜೀವಿಗಳೆಂದು ಅಂಗೀಕರಿಸಿತು. ೨೦೨೪ರಲ್ಲಿ ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು ಆಹಾರಕ್ಕಾಗಿ ಆಕ್ಟೋಪಸ್ ಸಾಕಣೆಯನ್ನು ನಿಷೇಧಿಸಿದುವು. ಇವಾವುವೂ ಮನೆಯ ತೊಟ್ಟಿಯನ್ನು ನಿಷೇಧಿಸಿಲ್ಲವೆಂಬುದು ನಿಜ. ಆದರೆ ಕಾನೂನು ಸುಮ್ಮನಿದ್ದ ಮಾತ್ರಕ್ಕೆ ಅಂತಃಕರಣಕ್ಕೆ ರಜೆ ಸಿಕ್ಕಂತಾಗುವುದಿಲ್ಲ.

ಶ್ರಾವಕಾಚಾರವು ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೊಲ್ಲುವುದನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಈ ಐದೂ ಅತಿಚಾರಗಳೇ. ಅನ್ನಪಾನಗಳನ್ನು ಧಾರಾಳವಾಗಿ ಕೊಟ್ಟೆವೆಂಬ ಸಮರ್ಥನೆ ಐದನೆಯದಕ್ಕೆ ಉತ್ತರವಾದೀತೇ ಹೊರತು ಬಂಧನಕ್ಕೆ ಉತ್ತರವಾಗದು. ಪರಿಗ್ರಹದ ದೃಷ್ಟಿಯಿಂದಲೂ ವಿಷಯ ಸ್ಪಷ್ಟ. ಹೊಲ, ಮನೆ, ಧನಧಾನ್ಯಗಳ ಜೊತೆಯಲ್ಲೇ ದ್ವಿಪದ ಚತುಷ್ಪದಗಳನ್ನೂ ಬಾಹ್ಯಪರಿಗ್ರಹದಲ್ಲಿ ಎಣಿಸಿ ಅವಕ್ಕೆ ಮಿತಿ ಹಾಕಿಕೊಳ್ಳಬೇಕೆಂದ ಪರಂಪರೆ, ಅಷ್ಟಪದಿಗೆ ಮಾತ್ರ ವಿನಾಯಿತಿ ಕೊಟ್ಟಿದೆಯೆಂದು ಯಾರೂ ವಾದಿಸಲಾರರು. ಹಸು ಹೊಲಗಳಿಗಾದರೂ ಜೀವನೋಪಾಯದ ನೆವವಿತ್ತು. ಈ ತೊಟ್ಟಿಗೆ ಕಣ್ಣಿನ ಕುತೂಹಲವಲ್ಲದೆ ಬೇರೆ ಪ್ರಯೋಜನವಿಲ್ಲ. ಪ್ರಯೋಜನವಿಲ್ಲದ ಪಾಪಕ್ಕೆ ಹಿರಿಯರು ಅನರ್ಥದಂಡವೆಂದು ಹೆಸರಿಟ್ಟರು.

ಆಹಾರದ ಮಾತನ್ನಂತೂ ಹವ್ಯಾಸಿಗಳ ನಕ್ಷೆಗಳು ಮೆಲ್ಲಗೆ ದಾಟಿಬಿಡುತ್ತವೆ. ಆಕ್ಟೋಪಸ್ ತಿನ್ನುವುದು ಏಡಿ, ಸೀಗಡಿ, ಕಪ್ಪೆಚಿಪ್ಪುಗಳನ್ನು. ಎಷ್ಟೋ ವೇಳೆ ಜೀವಂತವಾದವನ್ನೇ ಕೊಡಬೇಕಾಗುತ್ತದೆ. ದಿನಕ್ಕೊಂದು ಏಡಿಯೆಂದರೂ ವರ್ಷಕ್ಕೆ ೩೬೫ ಏಡಿಗಳು. ಸಮುದ್ರದಲ್ಲಿಯೂ ಅದು ಏಡಿಗಳನ್ನೇ ತಿನ್ನುವುದಲ್ಲವೇ ಎನ್ನಬಹುದು. ಅಲ್ಲಿ ತಿನ್ನುವುದು ಅದರ ಸ್ವಭಾವ, ಇಲ್ಲಿ ಹಣ ಕೊಟ್ಟು ತಂದು ಒಂದೊಂದನ್ನೇ ತೊಟ್ಟಿಗೆ ಬಿಡುವುದು ಗೃಹಸ್ಥನ ಕೃತ್ಯ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯ ಫ್ರಿಜ್ಜಿನಲ್ಲಿ ಸೀಗಡಿಯ ಪೊಟ್ಟಣವಿಟ್ಟು, ಅದರ ಅವಶೇಷಗಳನ್ನು ತೊಳೆಯಲು ಸ್ಕಿಮ್ಮರ್ ಹಚ್ಚಿ, ಇದನ್ನು ಜೀವದಯೆಯೆಂದು ಕರೆಯುವುದು ಹೇಗೆ?

ಆಕ್ಷೇಪಗಳ ಪರಿಶೀಲನೆ

ಈ ನಿಲುವಿಗೆ ಎದುರಾಗಿ ಬರುವ ವಾದಗಳಲ್ಲಿ ಕೆಲವು ಗಂಭೀರವಾದುವು. ಅವನ್ನು ಹಾಸ್ಯದಿಂದ ತಳ್ಳಿಬಿಡುವುದು ಅನೇಕಾಂತದೃಷ್ಟಿಗೆ ಒಪ್ಪುವುದಲ್ಲ.

ಸಮುದ್ರದಲ್ಲಿ ದೊಡ್ಡ ಮೀನುಗಳ ಬಾಯಿಗೆ ಬೀಳುವ ಜೀವಿ ತೊಟ್ಟಿಯಲ್ಲಿ ಸುರಕ್ಷಿತವಲ್ಲವೇ ಎಂಬುದು ಮೊದಲನೆಯದು. ಸಮುದ್ರದ ಅಪಾಯಗಳು ನಿಜ. ಆದರೆ ಆ ಅಪಾಯಗಳ ನಡುವೆ ಬದುಕುವುದಕ್ಕೆಂದೇ ಅದಕ್ಕೆ ಬಣ್ಣ ಬದಲಿಸುವ ಚರ್ಮ, ಸಂದಿಗೆ ನುಸುಳುವ ದೇಹ, ಕಲ್ಲುಚಿಪ್ಪುಗಳನ್ನು ಕೂಡಿಸಿ ಬಾಗಿಲು ಕಟ್ಟುವ ಬುದ್ಧಿ ಒದಗಿವೆ. ತೊಟ್ಟಿಯ ಅಪಾಯಗಳಿಗೆ, ಅಂದರೆ ತಾಮ್ರಕ್ಕೆ, ಅಮೋನಿಯಾಕ್ಕೆ, ಕರೆಂಟು ಹೋಗುವುದಕ್ಕೆ, ಯಜಮಾನನ ಮರೆವಿಗೆ ಅದರ ಬಳಿ ಯಾವ ಉಪಾಯವೂ ಇಲ್ಲ. ಎರಡು ಚುಕ್ಕೆಯ ಆಕ್ಟೋಪಸ್ಸಿನ ಆಯುಷ್ಯವೇ ಒಂದರಿಂದ ಎರಡು ವರ್ಷ. ಮೊಟ್ಟೆಯಿಟ್ಟ ಹೆಣ್ಣು ಆಹಾರ ತೊರೆದು ಮೊಟ್ಟೆಗಳನ್ನು ಕಾಯುತ್ತಾ ಪ್ರಾಣ ಬಿಡುತ್ತದೆ. ಇಂಥ ಅಲ್ಪಾಯುವಿನ ಒಂದು ವರ್ಷವನ್ನು ಗಾಜಿನೊಳಗೆ ಕಳೆಯಿಸುವುದೆಂದರೆ ಅರ್ಧ ಬಾಳನ್ನೋ ಅದಕ್ಕಿಂತ ಹೆಚ್ಚನ್ನೋ ಕಿತ್ತುಕೊಂಡಂತೆ.

ಸೆರೆಯಲ್ಲೇ ಹುಟ್ಟಿದ ಮರಿಯನ್ನು ತಂದರೆ ಸಮುದ್ರದಿಂದ ಕದ್ದಂತಾಗುವುದಿಲ್ಲವೆಂಬುದು ಎರಡನೆಯದು. ಎರಡು ಚುಕ್ಕೆಯ ಜಾತಿ ದೊಡ್ಡ ಮೊಟ್ಟೆಗಳನ್ನಿಡುವುದರಿಂದ ಅದರ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಲು ಸಾಧ್ಯವೆಂಬುದು ಸತ್ಯ. ಆದರೆ ಅನೇಕ ಜಾತಿಗಳ ಮರಿಗಳು ಮೊದಲ ವಾರಗಳಲ್ಲಿ ಸಮುದ್ರದ ಪ್ಲವಕಗಳೊಡನೆ ತೇಲುತ್ತಾ ಬೆಳೆಯುವಂಥವು. ಅವನ್ನು ಮನೆಯಲ್ಲಿ ಬೆಳೆಸುವುದು ಅತಿ ಕಠಿಣ. ಆದುದರಿಂದ ವ್ಯಾಪಾರಕ್ಕೆ ಬರುವ ಆಕ್ಟೋಪಸ್ಸುಗಳಲ್ಲಿ ಹೆಚ್ಚಿನವು ಸಮುದ್ರದಿಂದ ಹಿಡಿದು ತಂದವೇ. ಹೋಗಲಿ, ಸೆರೆಯಲ್ಲೇ ಹುಟ್ಟಿತೆಂದೇ ಇಟ್ಟುಕೊಂಡರೂ ಅದರಿಂದ ಕಳವಿನ ದೋಷ ತಪ್ಪೀತು. ಬಂಧನದ ದೋಷ ಹಾಗೆಯೇ ಉಳಿಯುತ್ತದೆ, ಏಡಿಗಳ ಲೆಕ್ಕವೂ ಹಾಗೆಯೇ ಉಳಿಯುತ್ತದೆ.

ವಿಜ್ಞಾನ ಬೆಳೆದುದೇ ಇಂಥ ತೊಟ್ಟಿಗಳಿಂದ ಎಂಬುದು ಮೂರನೆಯದು. ಇದರಲ್ಲಿ ಸತ್ಯಾಂಶವಿದೆ. ತೋಳಿನ ರುಚಿ, ನೋವಿನ ನೆನಪು ಮುಂತಾದ ಸಂಗತಿಗಳು ತಿಳಿದುಬಂದುದು ಸೆರೆಯಾದ ಪ್ರಾಣಿಗಳಿಂದಲೇ. ಆ ತಿಳಿವಿಗೆ ಅವು ತೆತ್ತ ಬೆಲೆಯನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ತಿಳಿವು ಬಂದ ಮೇಲೂ ಹಳೆಯ ದಾರಿಯಲ್ಲೇ ನಡೆಯುವುದಕ್ಕೆ ಅದೇ ನೆಪವಾಗಬಾರದು. ಯೂರೋಪಿನ ಪ್ರಯೋಗಶಾಲೆ ಕಾನೂನಿಗೆ ಉತ್ತರ ಹೇಳಬೇಕು. ಪಡಸಾಲೆಯ ತೊಟ್ಟಿ ಯಾರಿಗೂ ಉತ್ತರ ಹೇಳುವುದಿಲ್ಲ, ಅಲ್ಲಿ ವಿಜ್ಞಾನವೂ ನಡೆಯುವುದಿಲ್ಲ.

ಮಕ್ಕಳಿಗೆ ಪ್ರಾಣಿಪ್ರೀತಿ ಬರುವುದೆಂಬುದು ನಾಲ್ಕನೆಯದು. ದಕ್ಷಿಣ ಆಫ್ರಿಕದ ಕೇಪ್ ಟೌನ್ ಬಳಿಯ ಸಮುದ್ರದಲ್ಲಿ ಚಿತ್ರಿತವಾದ 'ಮೈ ಆಕ್ಟೋಪಸ್ ಟೀಚರ್' ಎಂಬ ಸಾಕ್ಷ್ಯಚಿತ್ರವು ೨೦೨೦ರಲ್ಲಿ ಬಿಡುಗಡೆಯಾಗಿ ಮರುವರ್ಷ ಆಸ್ಕರ್ ಪ್ರಶಸ್ತಿ ಪಡೆಯಿತು. ಅದರಲ್ಲಿ ಕ್ರೇಗ್ ಫಾಸ್ಟರ್ ಒಂದು ಆಕ್ಟೋಪಸ್ಸನ್ನು ಅರಿಯಬೇಕೆಂದು ದಿನದಿನವೂ ತಣ್ಣೀರಿಗೆ ಇಳಿದ. ಅದನ್ನು ಮನೆಗೆ ತರಲಿಲ್ಲ. ಎಂದಿಗೆ ಹೊರಟುಹೋಗಬಹುದೋ ಆ ಸ್ವಾತಂತ್ರ್ಯವನ್ನು ಉಳಿಸಿಕೊಂಡೇ ಆ ಜೀವಿ ಅವನ ಕೈಯನ್ನು ಮುಟ್ಟಿತು. ಮಕ್ಕಳಿಗೆ ಕಲಿಸಬೇಕಾದ ಪ್ರೀತಿ ಇದು. ಚಿಲಕ ಹಾಕಿದ ಮುಚ್ಚಳದಡಿಯಿಂದ ಚಾಚಿದ ತೋಳು ಸ್ನೇಹದಿಂದ ಚಾಚಿತೋ ದಾರಿ ಹುಡುಕುತ್ತಾ ಚಾಚಿತೋ ಎಂಬುದು ಯಾವ ಮಗುವಿಗೂ ತಿಳಿಯಲಾರದು.

ಕಡೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದುದು. ಜನ ಹೇಗೂ ಸಾಕುತ್ತಾರೆ. ಕೆಟ್ಟ ನೀರಿನಲ್ಲಿ ಸಾಯುವುದಕ್ಕಿಂತ ಒಳ್ಳೆಯ ನೀರಿನಲ್ಲಿ ಬದುಕಲಿ. ಆದುದರಿಂದ ಒಳ್ಳೆಯ ನಕ್ಷೆಯನ್ನು ಹಂಚುವುದೇ ದಯೆ. ಇಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಬೇಕು. ಈಗಾಗಲೇ ಸೆರೆಯಲ್ಲಿರುವ ಜೀವಿಗೆ ಆ ನಕ್ಷೆ ಖಂಡಿತವಾಗಿಯೂ ಋಣವಾಗಿ ಸಲ್ಲಬೇಕು. ಆದರೆ ಇನ್ನೂ ಕೊಳ್ಳದವನ ಕೈಗೆ ಸಿಕ್ಕ ಅದೇ ನಕ್ಷೆ ಅಪ್ಪಣೆಪತ್ರವಾಗಿಬಿಡುತ್ತದೆ. ಕೊಳವೆಗಳ ಚಿಂತೆಯಲ್ಲಿ ೩ ತಿಂಗಳು ಕಳೆದವನಿಗೆ ತಾನು ದೊಡ್ಡ ಸಾಧನೆ ಮಾಡಿದೆನೆಂಬ ತೃಪ್ತಿ ಬರುತ್ತದೆ. ಕೊಳ್ಳಬೇಕೇ ಬೇಡವೇ ಎಂಬ ಮೂಲಪ್ರಶ್ನೆ ಅಷ್ಟು ಹೊತ್ತಿಗೆ ಮರೆತುಹೋಗಿರುತ್ತದೆ. ಪರಿಶ್ರಮವು ಪುಣ್ಯದ ವೇಷ ತೊಟ್ಟು ನಿಲ್ಲುವುದು ಹೀಗೆ.

ಗೃಹಸ್ಥರ ಮತ್ತು ಸಂಸ್ಥೆಗಳ ಹೊಣೆ

ಅಜ್ಞಾನದಿಂದಲೋ ಮಕ್ಕಳ ಹಟದಿಂದಲೋ ಈಗಾಗಲೇ ಇಂಥ ಪ್ರಾಣಿಯನ್ನು ತಂದ ಕುಟುಂಬವಿದ್ದರೆ ಅದನ್ನು ನಿಂದಿಸುವುದರಿಂದ ಪ್ರಯೋಜನವಿಲ್ಲ. ಅವರ ಕರ್ತವ್ಯ ಸ್ಪಷ್ಟವಾಗಿದೆ. ಪಶ್ಚಾತ್ತಾಪದ ಆವೇಶದಲ್ಲಿ ಅದನ್ನು ಹತ್ತಿರದ ಕಡಲಿಗೆ ಬಿಡಬಾರದು. ಅದು ಆ ಕಡಲಿನದಲ್ಲದಿರಬಹುದು, ಅಲ್ಲಿಯ ಬಿಸಿ ತಂಪು ಅದಕ್ಕೆ ಒಗ್ಗದಿರಬಹುದು, ತೊಟ್ಟಿಯ ರೋಗಾಣುಗಳು ಅಲ್ಲಿಯ ಅಸಂಖ್ಯ ಜೀವಿಗಳಿಗೆ ತಗಲಬಹುದು. ಅದರ ಆಯುಷ್ಯವಿರುವ ತನಕ ನೀರಿನಲ್ಲಿ ಅಮೋನಿಯಾ, ನೈಟ್ರೈಟುಗಳು ತಲೆಯೆತ್ತದಂತೆ, ತಾಮ್ರ ಸೋಂಕದಂತೆ, ಪಂಪಿನ ಬಾಯಿಯ ಸ್ಪಾಂಜು ಸವೆಯದಂತೆ ನೋಡಿಕೊಳ್ಳಬೇಕು. ಅಡಗುವುದಕ್ಕೆ ಕಲ್ಲಿನ ಗುಹೆ, ಬುದ್ಧಿಗೆ ಕೆಲಸ, ರಾತ್ರಿಗೆ ಕತ್ತಲೆ ಒದಗಿಸಬೇಕು. ಅದು ಕಣ್ಮುಚ್ಚಿದ ಮೇಲೆ ಇನ್ನೊಂದನ್ನು ತರಬಾರದು. ತೊಟ್ಟಿಯ ಕಲ್ಲುಗಳಲ್ಲಿ ಉಳಿದ ಜೀವಿಗಳನ್ನು ಮೋರಿಗೆ ಚೆಲ್ಲದೆ, ಅವನ್ನು ಉಳಿಸಿಕೊಳ್ಳಬಲ್ಲವರಿಗೆ ಒಪ್ಪಿಸಬೇಕು.

ಬಟ್ಟೆಯ ಶೋಧನೆಗೂ ಈ ಯಂತ್ರದ ಶೋಧನೆಗೂ ಇರುವ ಅಂತರ ಇಲ್ಲಿಯೇ ಎದ್ದುಕಾಣುತ್ತದೆ. ಬಾವಿಯ ನೀರನ್ನು ಸೋಸಿದವನಿಗೆ ನಿಯಮದ ಉತ್ತರಾರ್ಧ ಸಾಧ್ಯ. ಹಿಡಿದುದನ್ನು ಅದರ ನೀರಿಗೆ ಮರಳಿಸಬಲ್ಲ. ತೊಟ್ಟಿಯ ಒಡೆಯನಿಗೆ ಅದು ಅಸಾಧ್ಯ. ಅವನ ಶೋಧನೆ ಎಷ್ಟೇ ಪರಿಪೂರ್ಣವಾಗಿದ್ದರೂ ಅರ್ಧಕ್ಕೇ ನಿಂತುಹೋಗುತ್ತದೆ. ಮರಳಿಸಲಾಗದ ಜೀವಿಯನ್ನು ಎತ್ತಿಕೊಳ್ಳಬಾರದೆಂಬುದನ್ನು ಮೊದಲೇ ಅರಿಯುವುದೊಂದೇ ಇದಕ್ಕೆ ಉಪಾಯ.

ಬಸದಿಗಳ ಆಡಳಿತ ಮಂಡಳಿಗಳಿಗೂ ಟ್ರಸ್ಟುಗಳಿಗೂ ಇದರಲ್ಲಿ ಪಾಲಿದೆ. ಜೀವದಯಾ ನಿಧಿಯಿಂದ ಅಂಗಡಿಯ ಪ್ರಾಣಿಗಳನ್ನು ಕೊಂಡು ಬಿಡುವ ಉತ್ಸಾಹ ಸದುದ್ದೇಶದ್ದಾದರೂ ಅಲ್ಲಿ ಕೊಟ್ಟ ಹಣ ಮುಂದಿನ ಬಲೆಗೆ ನೂಲಾಗುತ್ತದೆ. ಒಂದು ತೊಟ್ಟಿ ಬರಿದಾದರೆ ವ್ಯಾಪಾರಿ ಎರಡನ್ನು ತರಿಸುತ್ತಾನೆ. ಆ ಹಣವನ್ನು ಕಟುಕನ ಬಾಗಿಲಿನಿಂದ ಉಳಿದುಬಂದ ದನಗಳ ಮೇವಿಗೆ, ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ ಬಳಸುವುದು ಮೇಲು. ಪಾಠಶಾಲೆಗಳಲ್ಲಿ ಅಹಿಂಸಾಣುವ್ರತವನ್ನು ಕಲಿಸುವಾಗ ಐದು ಅತಿಚಾರಗಳ ಹೆಸರುಗಳನ್ನು ಬಾಯಿಪಾಠ 
ಮಾಡಿಸಿ ಬಿಡದೆ, ಬಂಧನವೆಂಬುದು ಇಂದು ಯಾವ ಯಾವ ರೂಪದಲ್ಲಿ ಮನೆಯೊಳಗೆ ಬರುತ್ತದೆಂಬುದನ್ನು ಮಕ್ಕಳೊಡನೆ ಚರ್ಚಿಸಬೇಕು. ಧರ್ಮಶಾಲೆ, ಅತಿಥಿಗೃಹಗಳ ಅಲಂಕಾರಕ್ಕೆಂದು ದಾನಿಗಳು ಗಾಜಿನ ತೊಟ್ಟಿಯನ್ನು ಕೊಡಲು ಮುಂದೆ ಬಂದರೆ ವಿನಯದಿಂದ ಬೇಡವೆಂದು, ಅದೇ ಹಣದಲ್ಲಿ ಅಂಗಳದ ಹಕ್ಕಿಗಳಿಗೆ ನೀರಿನ ತೊಟ್ಟಿ ಕಟ್ಟಿಸಲು ಸೂಚಿಸಬಹುದು. ಅದಕ್ಕೆ ಪಂಪು ಬೇಡ, ಮುಚ್ಚಳ ಬೇಡ. ದಿನಕ್ಕೊಮ್ಮೆ ತೊಳೆದು ಸೋಸಿದ ನೀರು ತುಂಬಿಟ್ಟರೆ ಸಾಕು. ಬಂದ ಹಕ್ಕಿ ಕುಡಿದು ಹಾರಿಹೋಗುತ್ತದೆ.